ತಾರೀಖು ಹಾಕಿದ ಪ್ರಾಸ

ನಾಸಿಕ
7 ಜುಲೈ 2025

ಮಾನ್ಯ ಜಯಮಾಲಾ ಮೇಡಂ ಅವರಿಗೆ,

ನಾನು ಸಂಗಮನಾಥ, ನಾಸಿಕದ ಶಾಲೆಯಲ್ಲಿ ಇತಿಹಾಸ ಹೇಳುವವನು. ಬೀದರಿನ ಕಾಲೇಜಿನಲ್ಲಿ ಮೂರು ವರ್ಷ ನಿಮ್ಮ ಬುತ್ತಿಯ ರೊಟ್ಟಿ ತಿಂದವನು, ಆಮೇಲೆ ಇದೇ ಶಾಲೆಯಲ್ಲಿ ನಿಮ್ಮ ಜೊತೆ ಪಾಠ ಹೇಳಿದವನು ಹೀಗೆ ಪರಿಚಯ ಹೇಳಿಕೊಳ್ಳುವುದು ವಿಚಿತ್ರವೇ. ಆದರೆ ಹನ್ನೊಂದು ವರ್ಷ ಒಂದು ಸಾಲೂ ಬರೆಯದವನು ಇನ್ನು ಹೇಗೆ ಶುರುಮಾಡಬೇಕೋ ತಿಳಿಯಲಿಲ್ಲ.

ನಮ್ಮ ಶಾಲೆಗಳ ಟ್ರಸ್ಟಿನ ಸುತ್ತೋಲೆ ನೋಡಿದೆ. ಈ ವರ್ಷದಿಂದ ನಿಮ್ಮ ಸಂಭಾಜಿನಗರದ ಶಾಲೆಯಲ್ಲೂ ಹತ್ತನೆಯ ತರಗತಿಗೆ ಹೊರದೇಶದ ಬೋರ್ಡಿನ ಪಠ್ಯ ಬಂದಿದೆ, ಅಮೆರಿಕದ ಇತಿಹಾಸ ನೀವೇ ಹೇಳುತ್ತೀರಿ ಎಂದಿತ್ತು. ಸಂತೋಷವಾಯಿತು. ನಾನಿಲ್ಲಿ ಅದನ್ನೇ ಹೇಳುತ್ತ ಹಳಬನಾಗಿದ್ದೇನೆ. ಓದಿದ್ದು ಕನ್ನಡದಲ್ಲಿ, ಪಾಠ ಇಂಗ್ಲಿಷಿನಲ್ಲಿ, ಬೈಗುಳ ಮರಾಠಿಯಲ್ಲಿ. ಊರಿಗೆಲ್ಲ ದ್ರಾಕ್ಷಿ, ಅಮೆರಿಕಕ್ಕೆ ನಾನೇ ಸಾಕ್ಷಿ.

ಒಂದು ಯೋಜನೆ ಇದೆ. ಅಂತರ್ಯುದ್ಧದ ಪಾಠಕ್ಕೆ ನನ್ನ ತರಗತಿ ಉತ್ತರದವರಾಗಲಿ, ನಿಮ್ಮದು ದಕ್ಷಿಣದವರಾಗಲಿ. ಮಕ್ಕಳು ಆ ಕಾಲದ ಜನರಾಗಿ ಒಬ್ಬರಿಗೊಬ್ಬರು ಪತ್ರ ಬರೆಯಲಿ. ಕೈಬರಹ, ಲಕೋಟೆ, ಅಂಚೆ ಚೀಟಿ. ಉತ್ತರಕ್ಕಾಗಿ ಕಾಯುವುದೆಂದರೆ ಏನೆಂದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಎರಡು ನೀಲಿ ಟಿಕ್ಕು ಬಿದ್ದು ಐದು ನಿಮಿಷವಾದರೆ ಸ್ನೇಹವೇ ಮುರಿಯಿತೆಂದು ತಿಳಿಯುವವರು. ಅವರಿಗೆ ಫೋನು ಬೇಡ ಎಂದಮೇಲೆ ನಾವಿಬ್ಬರೂ ಫೋನು ಮಾಡಬಾರದು. ಅದು ನ್ಯಾಯ. ನನಗೆ ಅನುಕೂಲವೂ ಹೌದು.

ಒಪ್ಪಿಗೆ ಇದ್ದರೆ ತಿಳಿಸಿ. ಕಿಟಕಿಯ ಹೊರಗೆ ಸಾತಪುರದ ಕಾರ್ಖಾನೆಯಿಂದ ಪಾಳಿ ಬಿಟ್ಟವರ ಗಾಡಿಗಳು ಸಾಲುಗಟ್ಟಿ ಹೋಗುತ್ತಿವೆ. ಅವರಿಗಾದರೂ ಕೆಲಸ ಮುಗಿಯುವ ಹೊತ್ತು ಒಂದಿದೆ.

ನಮಸ್ಕಾರಗಳೊಂದಿಗೆ,
ಸಂಗಮನಾಥ


ಛತ್ರಪತಿ ಸಂಭಾಜಿನಗರ
21 ಜುಲೈ 2025

ಸಂಗಮನಾಥ ಸರ್,

ಪತ್ರ ಮುಟ್ಟಿತು. ಯೋಜನೆ ಚೆನ್ನಾಗಿದೆ, ಮಕ್ಕಳ ಸಲುವಾಗಿ ಒಪ್ಪಿದ್ದೇನೆ.

ದಕ್ಷಿಣವನ್ನು ನಮಗೆ ಕೊಟ್ಟಿದ್ದೀರಿ. ಸೋಲುವ ಕಡೆ ನಿಲ್ಲುವುದು ನನಗೆ ಹೊಸದಲ್ಲ. ಆದರೆ ದಕ್ಷಿಣದಲ್ಲಿ ಬರೀ ಸಿಪಾಯಿಗಳಿರಲಿಲ್ಲ. ತೋಟದ ಮಾಲೀಕರಿದ್ದರು, ಅವರ ಗುಲಾಮರಿದ್ದರು. ಅವರೂ ಬರಲಿ. ಯಾರು ಯಾರಾಗಬೇಕೆಂದು ನಾನು ಆರಿಸುವುದಿಲ್ಲ, ಚೀಟಿ ಎತ್ತಿಸುತ್ತೇನೆ. ಆಮೇಲೆ ಮೇಡಂ ಇಂಥವರಿಗೆ ಅನುಕೂಲ ಮಾಡಿದರು ಎಂಬ ಮಾತು ಬರಬಾರದು. ಆ ಮಾತು ಒಂದು ಸಲ ಕೇಳಿದ್ದು ಸಾಕು.

ಒಂದು ಷರತ್ತು. ಪ್ರಾಸ ಬೇಡ. ನನ್ನ ಮಕ್ಕಳಿಗೆ ಬರುವ ಒಂದು ಕಾಗದದಲ್ಲೂ ನಿಮ್ಮ ಪ್ರಾಸ ಇರಕೂಡದು. ಯಾಕೆಂದು ನಿಮಗೂ ಗೊತ್ತು. "ಸಾಕ್ಷಿ" ಎಂಬ ಮಾತನ್ನು ನಿಮ್ಮ ಅಕ್ಷರದಲ್ಲಿ ನೋಡಿ ನಗು ಬಂತು. ಬಹಳ ದಿನವಾಗಿತ್ತು.

ಜಯಮಾಲಾ


ನಾಸಿಕ
18 ಆಗಸ್ಟ್ 2025

ಮಾನ್ಯ ಮೇಡಂ,

ಇದರೊಂದಿಗೆ ಉತ್ತರದ ಇಪ್ಪತ್ತೆರಡು ಪತ್ರಗಳಿವೆ. ಪ್ರಾಸವನ್ನು ಗೇಟಿನ ಹೊರಗೆ ಕಟ್ಟಿಹಾಕಿದ್ದೇನೆ. ಒಳಗೆ ಬರಲು ಒದ್ದಾಡುತ್ತಿದೆ, ಬಿಟ್ಟಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಸೈನ್ಯದಲ್ಲಿ ಸಿಪಾಯಿಗಳು ಮೂವರು, ಜನರಲ್‌ಗಳು ಹತ್ತೊಂಬತ್ತು. ರವಿಕಾಂತ ಎಂಬ ಜನರಲ್ ಗೆಟ್ಟಿಸ್‌ಬರ್ಗಿನ ರಣರಂಗದಲ್ಲಿ ನಾಷ್ಟಾಕ್ಕೆ ಮಿಸಳ ಸಿಗುವುದಿಲ್ಲವೆಂದು ದೂರಿದ್ದಾನೆ. ಇನ್ನೊಬ್ಬ ದಕ್ಷಿಣದ ಅಣ್ಣನಿಗೆ "ಗುಂಡು ಹಾರಿಸುವ ಮುಂಚೆ ಒಂದು ಮಿಸ್ಡ್ ಕಾಲ್ ಕೊಡು" ಎಂದು ಬರೆದ. ಆ ಸಾಲನ್ನು ಅಳಿಸಲು ಹೇಳಿದೆ. ಆಮೇಲೆ, ಇರಲಿ ಬಿಡು ಎಂದೆ. ಅಣ್ಣನಿಗೆ ಗುಂಡು ಹೊಡೆಯಬೇಕಾದವನು ಕೇಳುವ ಮಾತು ಹೆಚ್ಚುಕಡಿಮೆ ಅದೇ ಅಲ್ಲವೇ?

ಪ್ರಿಯಾ ಎಂಬ ಹುಡುಗಿ ಚೆನ್ನಾಗಿ ಬರೆಯುತ್ತಾಳೆ. ಸಾತಪುರದಲ್ಲಿ ಅವರಪ್ಪನ ಲೇತ್ ವರ್ಕ್‌ಶಾಪ್ ಇದೆ, ಮೂಲ ಭಾಲ್ಕಿಯವರು. ಅವಳು ಕನ್ನಡ ಕೇಳಿಸಿಕೊಳ್ಳುತ್ತಾಳೆ, ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಮೊನ್ನೆ ಗಡಿರಾಜ್ಯಗಳ ಪಾಠ ಹೇಳುತ್ತಿದ್ದೆ. ಕೆಂಟಕಿ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ ಎಂದು ಮೊದಮೊದಲು ಸುಮ್ಮನೆ ಕೂತಿತ್ತು ಎಂದೆ. ಇವಳು ಎದ್ದು, "ಸರ್, ಸುಮ್ಮನೆ ಕೂತವರಿಗೆ ಯಾರು ಪತ್ರ ಬರೀತಾರೆ?" ಎಂದು ಕೇಳಿದಳು. ನಾನು ಬೋರ್ಡಿನ ಕಡೆ ತಿರುಗಿ, ಆಗಲೇ ಒರೆಸಿದ್ದನ್ನು ಮತ್ತೆ ಒರೆಸಿದೆ.

ಈಚೆಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪಾಠ ಹೇಳುತ್ತ ತರಗತಿಯನ್ನು ಎಷ್ಟು ಸಲ ಸುತ್ತುತ್ತೇನೆಂದು ಹಿಂದಿನ ಬೆಂಚಿನವರು ಎಣಿಸುತ್ತಾರೆ. ಇವತ್ತಿನದು ನಲವತ್ತೊಂದು. ನಿಮಗೆ ಹೇಳಬೇಕಾದ ಇನ್ನೊಂದು ವಿಷಯವಿತ್ತು, ಹಾಳೆ ತುಂಬಿತು.

ನಿಮ್ಮ,
ಸಂಗಮನಾಥ


ಛತ್ರಪತಿ ಸಂಭಾಜಿನಗರ
8 ಸೆಪ್ಟೆಂಬರ್ 2025

ಸಂಗಮನಾಥ ಸರ್,

ದಕ್ಷಿಣದ ಇಪ್ಪತ್ತೆರಡು ಲಕೋಟೆ ಕಳಿಸಿದ್ದೇನೆ. ಒಂದರಲ್ಲಿ ಬರೀ ಖಾಲಿ ಹಾಳೆ ಇದೆ. ತಪ್ಪಿ ಬಂದದ್ದಲ್ಲ.

ಅದು ಶಬಾನಾಳದು. ಆಳಂದ ಕಡೆಯ ಹುಡುಗಿ. ಅಪ್ಪ ಊರಾಚೆಯ ಶೇಂದ್ರಾದಲ್ಲಿ ಹೊಸ ಕಾರ್ಖಾನೆಗಳ ಕಟ್ಟಡಕ್ಕೆ ಸೆಂಟ್ರಿಂಗ್ ಕಟ್ಟುತ್ತಾನೆ, ಅವ್ವ ಅಲ್ಲೇ ಸಿಮೆಂಟು ಹೊರುತ್ತಾಳೆ. ಟ್ರಸ್ಟಿನ ಉಚಿತ ಸೀಟಿನಲ್ಲಿ ಓದುತ್ತಿದ್ದಾಳೆ. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ವರ್ಜೀನಿಯಾದ ಹೊಗೆಸೊಪ್ಪಿನ ತೋಟದ ಗುಲಾಮ ಹೆಣ್ಣಾಳಿನ ಪಾತ್ರ. ಬದಲಿಸುತ್ತೇನೆ ಎಂದೆ. "ಬ್ಯಾಡ್ರಿ ಬಾಯಿ, ಬಂದದ್ದು ಬಂದದ" ಎಂದಳು. ಮೇಡಂ ಅನ್ನು ಎಂದರೂ ಅವಳಿಗೆ ನಾನು ಬಾಯಿಯೇ. ವಾರದ ಮೇಲೆ ಈ ಹಾಳೆ ಕೊಟ್ಟಳು.

"ಯಾಕವ್ವಾ, ಏನೂ ಬರ್ದಿಲ್ಲಲಾ?"

"ಆ ಗುಲಾಮ ಮಂದಿಗಿ ಬರ್ಯಾಕ ಕಲಿಸಿದ್ರ ಶಿಕ್ಷಾ ಇತ್ತು ಅಂತ ನೀವೇ ಹೇಳೀರಿ. ಮತ್ತ ನಾ ಹ್ಯಾಂಗ ಬರೀಲಿ? ಖಾಲಿನೇ ಕಳಸ್ರಿ."

"ಅಂಕ ಹ್ಯಾಂಗ ಹಾಕ್ಲಿ?"

"ಅದು ನಿಮ್ದು ಫಿಕರ್ ಅದ ಬಾಯಿ, ನಂದಲ್ಲ."

ಇಡೀ ತರಗತಿ ನಕ್ಕಿತು, ಅವಳೂ ನಕ್ಕಳು. ಪಾಠವನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡ ಹುಡುಗಿ ಇವಳು. ಲಕೋಟೆಯ ಮೇಲೆ ನಿಮ್ಮ ಪ್ರಿಯಾಳ ಹೆಸರಿದೆ, ಏನು ಉತ್ತರ ಕೊಡುತ್ತಾಳೋ ನೋಡೋಣ.

ಇನ್ನೊಂದು ವಿಷಯ. ನಿಮಗೆ ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ. ಟ್ರಸ್ಟು ಶೇಂದ್ರಾದಲ್ಲಿ ಹೊಸ ಶಾಲೆ ತೆರೆಯುತ್ತಿದೆ. ಅಲ್ಲಿ ಮುಕ್ಕಾಲು ಮಕ್ಕಳು ಶಬಾನಾಳಂಥವರು. ಮುಖ್ಯೋಪಾಧ್ಯಾಯಿನಿಯ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೇನೆ. ಇಪ್ಪತ್ತು ವರ್ಷದ ಕೆಲಸದಲ್ಲಿ ನಾನಾಗಿ ಬೇಕೆಂದು ಕೇಳಿದ್ದು ಇದೊಂದೇ. ಕಾರ್ಯದರ್ಶಿ ವಿಶ್ವನಾಥಪ್ಪನವರು ಕರೆಸಿ, "ನಿಮ್ಮ ಕೆಲಸಕ್ಕ ಯಾರೂ ಹೆಸರಿಡಂಗಿಲ್ರಿ ಮೇಡಂ. ಖರೆ, ಆ ಹಳೀ ಫೈಲ್ ಒಂದು ಅದ ನೋಡ್ರಿ. ಮೆಂಬರ್ ಮಂದಿ ಕೇಳೇ ಕೇಳ್ತಾರ" ಎಂದರು.

ಫೈಲಿನಲ್ಲಿರುವುದನ್ನು ಹಾಗೆಯೇ ಬರೆಯುತ್ತೇನೆ: "ಮಾರ್ಚ್ 2014ರ ಪ್ರಶ್ನೆಪತ್ರಿಕೆಯ ನಾಲ್ಕು ದೊಡ್ಡ ಪ್ರಶ್ನೆಗಳು ಮಕ್ಕಳ ಬಾಯಲ್ಲಿದ್ದ ಪ್ರಾಸದ ಕ್ರಮದಲ್ಲೇ ಇವೆ. ಪ್ರಾಸ ಹಳೆಯದು, ಪ್ರತಿವರ್ಷ ಹೇಳಿಕೊಡುವಂಥದ್ದು ಎಂದು ಶ್ರೀ ಸಂಗಮನಾಥ ತಿಳಿಸಿದ್ದಾರೆ. ಆದ್ದರಿಂದ ಶ್ರೀಮತಿ ಜಯಮಾಲಾ ಮಕ್ಕಳಿಗೆ ಅನುಕೂಲವಾಗುವಂತೆ ಪ್ರಾಸ ನೋಡಿ ಪತ್ರಿಕೆ ತೆಗೆದಿದ್ದಾರೆ."

ಪ್ರಾಸ ಹಳೆಯದಾಗಿರಲಿಲ್ಲ, ಸರ್. ನಾನು ಪತ್ರಿಕೆ ಬರೆದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಐದು ನಿಮಿಷ ಪ್ರಿನ್ಸಿಪಾಲರ ಕೋಣೆಗೆ ಹೋಗಿದ್ದೆ. ಅಲ್ಲಿ ಚಹಾ ಕುಡಿಯುತ್ತ ಕೂತಿದ್ದವರು ನೀವೊಬ್ಬರೇ. ಇದನ್ನು ಆಗಲೂ ಹೇಳಿದೆ. ಅವರು ನಿಮ್ಮ ಮುಖ ನೋಡಿದರು. ನೀವು ನಿಮ್ಮ ಚಪ್ಪಲಿ ನೋಡಿಕೊಂಡಿರಿ.

ನಿಮ್ಮಿಂದ ನಾನು ಏನನ್ನೂ ಕೇಳುತ್ತಿಲ್ಲ. ಸಂದರ್ಶನ ನವೆಂಬರ್ ಮೂರಕ್ಕೆ.

ಜಯಮಾಲಾ


ನಾಸಿಕ
26 ಸೆಪ್ಟೆಂಬರ್ 2025

ಮಾನ್ಯ ಮೇಡಂ,

ತಡವಾಯಿತು. ಅರ್ಧವಾರ್ಷಿಕ ಪರೀಕ್ಷೆ, ನವರಾತ್ರಿ, ಸ್ವಲ್ಪ ಜ್ವರ. ಜ್ವರ ಇರಲಿಲ್ಲ, ಪಟ್ಟಿಯಲ್ಲಿ ಮೂರಾದರೂ ಇರಲೆಂದು ಸೇರಿಸಿದೆ.

ಖಾಲಿ ಹಾಳೆಯ ಸುದ್ದಿ ಹೇಳುತ್ತೇನೆ. ಪ್ರಿಯಾ ಅದನ್ನು ಹಿಂದೆಮುಂದೆ ತಿರುವಿದಳು. ನಿಂಬೆರಸದಲ್ಲಿ ಬರೆದಿರಬಹುದೆಂದು ರವಿಕಾಂತ ಪ್ರಯೋಗಶಾಲೆಯ ದೀಪದ ಮೇಲೆ ಹಿಡಿದ. ಒಂದು ಮೂಲೆ ಕಂದಿತೇ ಹೊರತು ಅಕ್ಷರ ಮೂಡಲಿಲ್ಲ. "ಸೊನ್ನೆ ಹಾಕಿ ಸರ್" ಎಂದರು ಜನರಲ್‌ಗಳು. ನೀವು ಬರೆದದ್ದನ್ನು ಓದಿ ಹೇಳಿದೆ. ತರಗತಿ ಗಪ್ಪಾಯಿತು. ನನ್ನ ತರಗತಿ ಗಪ್ಪಾಗುವುದು ವರ್ಷಕ್ಕೊಮ್ಮೆ, ಅದೂ ಫಲಿತಾಂಶದ ದಿನ.

ಆಮೇಲೆ ವಾದ ಶುರುವಾಯಿತು. ಇಂಥ ಪತ್ರಕ್ಕೆ ಉತ್ತರ ಬರೆಯಬೇಕೇ, ಏನೆಂದು ಬರೆಯಬೇಕು, ಬರೆದರೂ ಅವಳು ಓದುವುದು ಹೇಗೆ. ಎಲ್ಲ ಮುಗಿದ ಮೇಲೆ ಪ್ರಿಯಾ ನನ್ನ ಮೇಜಿನ ಬಳಿ ಬಂದು ಮರಾಠಿ, ಇಂಗ್ಲಿಷು ಬೆರೆಸಿ ಹೇಳಿದ್ದನ್ನು ಕನ್ನಡಕ್ಕೆ ಇಳಿಸುತ್ತೇನೆ: "ಸರ್, ಅವಳಿಗೆ ಹೇಳೋದು ಗೊತ್ತಿತ್ತು, ಬರೆಯೋಕೆ ಬಿಡಲಿಲ್ಲ. ಅದು ಬೇರೆ. ಬರೆಯೋಕೆ ಬರೋರು ಬರೆಯದೆ ಬಿಟ್ಟರೆ ಅದಕ್ಕೆ ಏನಂತಾರೆ?"

ಅದು ಪಠ್ಯದಲ್ಲಿಲ್ಲ ಎಂದೆ.

ಹೋದ ಭಾನುವಾರ ನಿಮ್ಮೂರಿನ ಬಸ್ಸು ಹತ್ತಿದೆ. ಎದುರಿಗೇ ಹೇಳುವುದು ಒಳ್ಳೆಯದೆನಿಸಿತು. ಯೇವಲಾದಲ್ಲಿ ಬಸ್ಸು ನಿಂತಿತು, ಇಳಿದು ಚಹಾ ಕುಡಿದೆ. ಕಂಡಕ್ಟರ್ ಎರಡು ಸಲ ಕೂಗಿದ. ಇನ್ನೊಂದು ಕಪ್ಪು ಚಹಾ ಹೇಳಿದೆ. ಬಸ್ಸು ಹೋಯಿತು. ಎದುರಿನಿಂದ ನಾಸಿಕದ ಬಸ್ಸು ಬಂತು, ಅದನ್ನು ಹತ್ತಿದೆ. ಹೀಗೆ ನಿಮ್ಮ ಕಡೆ ಅರ್ಧ ದಾರಿ ಬಂದದ್ದನ್ನು ದಯವಿಟ್ಟು ಗಮನಿಸಬೇಕು.

ಟ್ರಸ್ಟಿಗೆ ಬರೆಯುವ ವಿಚಾರ ಮನಸ್ಸಿನಲ್ಲಿದೆ. ಯಾವ ಮಾತಿನಲ್ಲಿ ಬರೆಯಬೇಕೆಂದು ಹುಡುಕುತ್ತಿದ್ದೇನೆ. ದೀಪಾವಳಿಯ ಮುಂಚೆ ಖಂಡಿತ.

ನಿಮ್ಮ,
ಸಂಗಮನಾಥ


ಛತ್ರಪತಿ ಸಂಭಾಜಿನಗರ
13 ಅಕ್ಟೋಬರ್ 2025

ಸಂಗಮನಾಥ ಸರ್,

ನಮ್ಮ ಜಿಲ್ಲೆಯಲ್ಲಿರುವ ಕನ್ನಡ ಎಂಬ ಮರಾಠಿ ಊರಿನ ಬಸ್ ನಿಲ್ದಾಣದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಶಾಲೆಗೆ ಮೇಲ್ವಿಚಾರಣೆಗೆ ಕಳಿಸಿದ್ದರು. ಈ ಊರಿನಲ್ಲಿ ಕನ್ನಡದಲ್ಲಿ ಬರೆಯುತ್ತಿರುವವಳು ಇವತ್ತು ನಾನೊಬ್ಬಳೇ ಇರಬೇಕು.

ಶಬಾನಾ ಒಂದು ಸಾಲೂ ಬರೆಯಲಿಲ್ಲ. ನೀವು ನಾಲ್ಕು ಪುಟ ಬರೆದಿರಿ. ಇಬ್ಬರಲ್ಲಿ ಹೆಚ್ಚು ಹೇಳಿದವರು ಯಾರೆಂದು ಯೋಚಿಸಿ.

ಕೆಂಟಕಿ ಸುಮ್ಮನೆ ಕೂತಿದ್ದದ್ದು ನಾಲ್ಕು ತಿಂಗಳು. ನಿಮ್ಮದು ಹನ್ನೊಂದು ವರ್ಷ ಮುಗಿದು ಹನ್ನೆರಡನೆಯದು ನಡೆದಿದೆ.

ಯಾವ ಮಾತಿನಲ್ಲಿ ಬರೆಯಬೇಕೆಂದು ಹುಡುಕಬೇಡಿ. ನಿಮಗೆ ಒಂದು ಅಭ್ಯಾಸವಿತ್ತು. ಕಾಲೇಜಿನಿಂದಲೂ ಪ್ರಾಸ ಕಟ್ಟಿದ ಕೂಡಲೇ ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ತಾರೀಖು ಹಾಕುತ್ತಿದ್ದಿರಿ. ತಾರೀಖಿಲ್ಲದ್ದು ಇತಿಹಾಸವಲ್ಲ, ಹರಟೆ ಎಂದು ನಮಗೆಲ್ಲ ಉಪದೇಶ ಬೇರೆ. ಆ ನೋಟ್‌ಬುಕ್ಕು ಸುಟ್ಟಿಲ್ಲ ಎಂದು ನನ್ನ ಅಂದಾಜು. ಸ್ವಂತ ಪ್ರಾಸ ಸುಡುವಷ್ಟು ಧೈರ್ಯ ನಿಮಗಿಲ್ಲ.

ಬಸ್ಸು ಬಂತು. ನಾನು ಹತ್ತುತ್ತೇನೆ.

ಜಯಮಾಲಾ


ನಾಸಿಕ
24 ಅಕ್ಟೋಬರ್ 2025

ಶ್ರೀ ವಿಶ್ವನಾಥಪ್ಪನವರಿಗೆ, ಟ್ರಸ್ಟಿನ ಕಾರ್ಯದರ್ಶಿಗಳು

ಮಾನ್ಯರೇ,

ಮಾರ್ಚ್ 2014ರ ವಿಚಾರಣೆಯಲ್ಲಿ ನಾನು ನಿಮ್ಮೆದುರು ಸುಳ್ಳು ಹೇಳಿದ್ದೆ.

ಮಾರ್ಚ್ ಹತ್ತರ ಮಧ್ಯಾಹ್ನ ಜಯಮಾಲಾ ಅವರು ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲಿಟ್ಟು ಹೊರಹೋದಾಗ ನಾನು ಅದನ್ನು ಓದಿದೆ. ಕಣ್ಣಿಗೆ ಬಿತ್ತು ಎಂದು ಬರೆಯಲು ಕೈ ಹೋಗಿತ್ತು. ಬೀಳಲಿಲ್ಲ, ಬಗ್ಗಿ ಓದಿದೆ. ಮಕ್ಕಳು ಇಸವಿಗಳನ್ನು ಬಾಯಿಪಾಠ ಮಾಡಿ ಒಪ್ಪಿಸದಿರಲೆಂದು ಅವರು ಯುದ್ಧಗಳನ್ನು ಬೇಕೆಂದೇ ಹಿಂದುಮುಂದು ಕೇಳಿದ್ದರು. ಮರುದಿನ ಬೆಳಿಗ್ಗೆ ನಾನು ಅದೇ ಕ್ರಮದಲ್ಲಿ ಪ್ರಾಸ ಕಟ್ಟಿ, ಬಿಡುವಿನ ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಟ್ಟೆ. ಹೆಚ್ಚಿನವರು ನಮ್ಮ ಕಡೆಯ ಕನ್ನಡ ಮನೆಗಳ ಮಕ್ಕಳು, ಬೇಗ ಹಿಡಿದರು. ಸಂಜೆಗೆ ಇಡೀ ವರಾಂಡ ಹಾಡುತ್ತಿತ್ತು:

ಹನ್ನೆರಡರ ಜಗಳದಾಗ ಬಿಳಿಮನೆ ಸುಟ್ಟಿತು,
ನಲವತ್ತಾರಕ ಮೆಕ್ಸಿಕೋದ ಗಡಿ ಕೆಟ್ಟಿತು,
ಎಪ್ಪತ್ತೈದಕ ಚಹಾದ ಸಿಟ್ಟು ಗುಂಡು ಮುಟ್ಟಿತು,
ಅರವತ್ತೊಂದಕ ಒಂದೇ ಮನಿ ಎರಡು ಒಲಿ ಇಟ್ಟಿತು.

ನನ್ನ ಮಕ್ಕಳೆಲ್ಲ ಪಾಸಾಗಬೇಕು, ಎಲ್ಲರೂ ನನ್ನ ಪ್ರಾಸದಿಂದಲೇ ಪಾಸಾದೆವು ಎನ್ನಬೇಕು ಎಂಬ ಆಸೆ. ಬೇರೆ ಕಾರಣವಿಲ್ಲ. ನೀವು ಕೇಳಿದಾಗ ಪ್ರಾಸ ಹಳೆಯದೆಂದೆ. ಆ ಒಂದು ಮಾತಿನಿಂದ ತಪ್ಪು ಜಯಮಾಲಾ ಅವರದಾಯಿತು, ವರ್ಗಾವಣೆ ಅವರಿಗಾಯಿತು. ನನಗೆ ಆ ವರ್ಷದ ಉತ್ತಮ ಶಿಕ್ಷಕನ ಶಾಲು ಸಿಕ್ಕಿತು. ನೀವೇ ಹೊದಿಸಿದಿರಿ. ಅವತ್ತು ಮಡಿಸಿಟ್ಟದ್ದರ ಮಡಿಕೆಯನ್ನು ಇದುವರೆಗೆ ಬಿಚ್ಚಿಲ್ಲ.

ನಾನು ಇತಿಹಾಸದ ಶಿಕ್ಷಕ, ಸುಳ್ಳು ಹೇಳಿದ್ದು ತಾರೀಖಿನ ಬಗ್ಗೆ. ಪ್ರಾಸ ಬರೆದ ನೋಟ್‌ಬುಕ್ಕನ್ನು ಲಗತ್ತಿಸಿದ್ದೇನೆ. ನಾಲ್ಕು ಸಾಲಿನ ಕೆಳಗೆ ನನ್ನ ಕೈಬರಹದಲ್ಲೇ 11-3-2014 ಎಂದಿದೆ. ಹಿಂದಿನ ಪುಟ ಫೆಬ್ರವರಿಯದು, ಮುಂದಿನದು ಏಪ್ರಿಲ್‌ನದು, ಆದ್ದರಿಂದ ಆಮೇಲೆ ತುರುಕಿದ್ದೆಂಬ ಅನುಮಾನ ಬೇಡ.

ನವೆಂಬರ್ ಮೂರರಂದು ಸದಸ್ಯರು ಹಳೆಯ ಫೈಲು ತೆಗೆದಾಗ ಈ ಪತ್ರವನ್ನು ಅದರ ಮೇಲಿಡಬೇಕೆಂದು ಕೋರುತ್ತೇನೆ. ಬೇಕಾದರೆ ನಾನೇ ಬಂದು ಓದುತ್ತೇನೆ. ನನ್ನ ಮೇಲೆ ಏನು ಕ್ರಮವಾದರೂ ತಕರಾರಿಲ್ಲ.

ತಮ್ಮ ವಿಧೇಯ,
ಸಂಗಮನಾಥ

ಪ್ರತಿ: ಶ್ರೀಮತಿ ಜಯಮಾಲಾ ಅವರಿಗೆ. (ಅಕ್ಕಾ, ಅಂಚೆಪೆಟ್ಟಿಗೆಯ ತನಕ ಎರಡು ಸಲ ಹೋಗಿ ವಾಪಸು ಬಂದೆ. ಮೂರನೆಯ ಸಲ ಪ್ರಿಯಾಳನ್ನೂ ಅವಳಪ್ಪನನ್ನೂ ಪೆಟ್ಟಿಗೆಯ ಬಳಿಯೇ ಕಂಡೆ. "ಸರ್, ಯಾರಿಗೆ ಪತ್ರ?" ಎಂದಳು. ಹಿಡಿದ ಕೈ ಸಡಿಲಿಸಿದೆ, ಪತ್ರ ಒಳಗೆ ಬಿತ್ತು.)


ಛತ್ರಪತಿ ಸಂಭಾಜಿನಗರ
24 ನವೆಂಬರ್ 2025

ಸಂಗಮನಾಥ,

ವಿಶ್ವನಾಥಪ್ಪನವರು ನಿನ್ನ ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಪ್ರಾಸದ ಜಾಗಕ್ಕೆ ಬಂದಾಗ ಅವರಿಗೆ ಅರಿವಿಲ್ಲದೆಯೇ ರಾಗ ಹತ್ತಿತು. ಸದಸ್ಯರೊಬ್ಬರು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿ, ನೆನಪಾಗಿ ನಿಲ್ಲಿಸಿದರು. ಆಮೇಲೆ ವಿಶ್ವನಾಥಪ್ಪನವರು ಕನ್ನಡಕ ತೆಗೆದು, "ಮೇಡಂ, ಅವತ್ತ ನಾವು ನಿಮ್ಮ ಮಾತು ಕೇಳ್ಬೇಕಾಗಿತ್ರಿ. ಕೇಳಲಿಲ್ಲ" ಎಂದರು. ನಾನು ನಮಸ್ಕಾರ ಮಾಡಿ ಎದ್ದೆ. ಏನಾದರೂ ಅಂದರೆ ಅಳು ಬರುವಂತಿತ್ತು. ಅಲ್ಲಿ ಅಳುವ ಮನಸ್ಸಿರಲಿಲ್ಲ.

ಶೇಂದ್ರಾ ಶಾಲೆ ನನಗೆ ಸಿಕ್ಕಿದೆ. ಜೂನ್‌ನಲ್ಲಿ ಶುರು. ಈಗಿನ್ನೂ ಗೋಡೆಗಳು ಏಳುತ್ತಿವೆ. ಮೊನ್ನೆ ನೋಡಲು ಹೋದಾಗ ಮೇಲಿನಿಂದ ಯಾರೋ "ಬಾಯಿ, ನಮಸ್ಕಾರ್ರೀ" ಎಂದು ಕೂಗಿದರು. ಕತ್ತೆತ್ತಿದರೆ ಶಬಾನಾಳ ಅಪ್ಪ, ಎರಡನೆಯ ಮಹಡಿಯ ಸೆಂಟ್ರಿಂಗಿನ ಮೇಲೆ. ನನ್ನ ಕೋಣೆಯ ಸ್ಲ್ಯಾಬು ಅವನದೇ ಕೆಲಸವಂತೆ.

ನಿನ್ನನ್ನು ಹತ್ತನೆಯ ತರಗತಿಯಿಂದ ತೆಗೆದು ಐದಕ್ಕೆ ಹಾಕಿದರೆಂದು, ಪರೀಕ್ಷೆಯ ಕೆಲಸ ಮೂರು ವರ್ಷ ಇಲ್ಲವೆಂದು ತಿಳಿಯಿತು. ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಕ್ಷಮಿಸಿದ್ದೇನೆ ಎಂದು ಬರೆದರೆ ಈ ತಾರೀಖಿಗೆ ಅದು ಸುಳ್ಳಾಗುತ್ತದೆ. ನಮ್ಮಿಬ್ಬರ ನಡುವೆ ತಾರೀಖಿನ ಸುಳ್ಳು ಇನ್ನು ಬೇಡ.

ಪ್ರಿಯಾಳ ಉತ್ತರ ಬಂತು. ನೀನು ನೋಡಿರಲಿಕ್ಕಿಲ್ಲ, ಆಗಲೇ ನಿನ್ನ ಕೈಯಿಂದ ತರಗತಿ ಹೋಗಿತ್ತು. ಹಾಳೆಯ ತುಂಬ ಎಬಿಸಿಡಿ ಬರೆದು, ಪ್ರತಿ ಅಕ್ಷರದ ಪಕ್ಕದಲ್ಲಿ ಗೆರೆ ಎಳೆದು ತಿದ್ದಲು ಜಾಗ ಬಿಟ್ಟಿದ್ದಾಳೆ. ಕೆಳಗೆ: "ಇದನ್ನು ಕಳಿಸಿದ್ದಕ್ಕೆ ನನಗೂ ಶಿಕ್ಷೆ ಆಗಬಹುದು. ಕಲಿತ ಮೇಲೆ ಹಾಳೆ ಸುಟ್ಟುಬಿಡು. ಆಮೇಲೆ ಬರಿ." ಶಬಾನಾ ಎರಡು ದಿನ ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಿದಳು. "ಸುಡ್ತೀಯೇನು?" ಎಂದು ಕೇಳಿದೆ. "ಹುಚ್ಚಿ ಅದಾಳ ಆಕಿ, ನಾ ಯಾಕ ಸುಡ್ಲಿ?" ಎಂದಳು. ಈಗ ಆರು ಪುಟ ಬರೆದಿದ್ದಾಳೆ. ಇನ್ನೂ ಮುಗಿದಿಲ್ಲವಂತೆ, ಹಾಳೆ ಕೇಳುತ್ತಿದ್ದಾಳೆ.

ಒಂದು ಕೆಲಸವಿದೆ. ಶೇಂದ್ರಾದಲ್ಲಿ ದೊಡ್ಡ ಪುಸ್ತಕ ಕೊಳ್ಳಲಾಗದ ಮಕ್ಕಳು ಬರುತ್ತಾರೆ. ಅವರಿಗೆ ಬಾಯಲ್ಲಿ ನಿಲ್ಲುವಂಥದ್ದು ಏನಾದರೂ ಬೇಕು. ಅದೇ ನಾಲ್ಕು ಯುದ್ಧದ ಮೇಲೆ ಹೊಸದೊಂದು ಕಟ್ಟಿ ಕಳಿಸು. ಈ ಸಲ ಇಸವಿಯ ಕ್ರಮದಲ್ಲಿರಲಿ.

ಕೆಳಗೆ ತಾರೀಖು ಹಾಕು.

ಜಯಮಾಲಾ